ಒಂಬತ್ತು ವಾರದ ಕುನ್ನಿಯೋ, ಐದೂವರೆ ತಿಂಗಳ ಮರಿಯೋ

ಕಳೆದ ನವೆಂಬರಿನ ಎರಡನೆಯ ಶನಿವಾರ ಧಾರವಾಡದಿಂದ ಸವದತ್ತಿ, ಯರಗಟ್ಟಿ, ಲೋಕಾಪುರಗಳನ್ನು ಹಾಯ್ದು ಮುಧೋಳ ಸೀಮೆಗೆ ಹೊರಟಾಗ ಅವ್ವ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಬಿದಿರಿನ ಬುಟ್ಟಿಯನ್ನಿಟ್ಟು ಅದರೊಳಗೆ ಹಳೆಯ ಕೌದಿಯ ತುಂಡೊಂದನ್ನು ಹಾಸಿದ್ದಳು. ನಾವು ಎಂಥ ಮರಿಯನ್ನು ತರಲು ಹೊರಟಿದ್ದೇವೆ ಎಂಬುದು ಬುಟ್ಟಿಯ ಅಳತೆಯಿಂದಲೇ ತಿಳಿಯುತ್ತಿತ್ತು. ಎರಡು ತಿಂಗಳು ದಾಟಿದ, ಅಂಗೈಗಳೆರಡರಲ್ಲಿ ಹಿಡಿಸುವಂಥ, ಬೆಚ್ಚಗೆ ಸುತ್ತಿಕೊಂಡು ಮಲಗುವಂಥ ಒಂದು ಮುಧೋಳ ಕುನ್ನಿ ನಮ್ಮ ಮನಸ್ಸಿನಲ್ಲಿತ್ತು. ಅಂದು ಸಂಜೆ ಬುಟ್ಟಿ ಖಾಲಿಯಾಗಿಯೇ ಮರಳಿತು. ಅದರ ನಂತರದ ಮೂರು ವಾರ ನಮ್ಮ ಮನೆಯಲ್ಲಿ ನಡೆದ ಚರ್ಚೆಯನ್ನು, ಅದಕ್ಕಾಗಿ ನಾನು ಓದಿಕೊಂಡದ್ದನ್ನು, ಮತ್ತು ಓದಿದ್ದರಲ್ಲಿ ಯಾವುದು ನಮ್ಮ ಮನೆಗೆ ಅನ್ವಯಿಸಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮುಧೋಳ ನಾಯಿಯೇ ಏಕೆ ಎಂದು ಕೇಳಿದವರಿಗೆ ನನ್ನ ಬಳಿ ದೊಡ್ಡ ಉತ್ತರವಿಲ್ಲ. ಅಜ್ಜನ ಕಾಲದಲ್ಲಿ ನಮ್ಮ ಹೊಲದ ಮನೆಯಲ್ಲಿ ಒಂದಿತ್ತು, ಅಷ್ಟೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಊರೂರಿನ ಬೇಡರ ಬಳಿ ಚದುರಿಹೋಗಿದ್ದ ಈ ಬೇಟೆ ನಾಯಿಗಳನ್ನು ಆರಿಸಿ ತಳಿಯಾಗಿ ಉಳಿಸಿದರೆಂಬುದು ಆ ಭಾಗದಲ್ಲಿ ಎಲ್ಲರೂ ಹೇಳುವ ಮಾತು. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಗಳಲ್ಲಿ ಇದೇ ನಾಯಿಗೆ ಕ್ಯಾರವಾನ್ ಹೌಂಡ್ ಎಂಬ ಹೆಸರಿದೆ. 2005ರಲ್ಲಿ ಅಂಚೆ ಇಲಾಖೆಯು ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಒಂದು ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ಈ ತಳಿಯ ಹೆಸರನ್ನೆತ್ತಿದ ಮೇಲೆ ಬೇಡಿಕೆ ಏರಿತೆಂದು ಸಾಕುವವರೇ ಹೇಳುತ್ತಾರೆ. ಬೇಡಿಕೆ ಏರಿದಾಗ ಮರಿಗಳು ತಾಯಿಯ ಬಳಿ ಇರುವ ದಿನಗಳು ಇಳಿಯುತ್ತವೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಅದನ್ನು ನಾನು ಕಲಿತದ್ದು ಬೇರೆ ತಳಿಯಿಂದ. ಹತ್ತು ವರ್ಷಗಳ ಹಿಂದೆ, ನಮ್ಮದೇ ಭಾಗದ ಒಬ್ಬ ಬ್ರೀಡರ್ ಬಳಿಯಿಂದ ಮೂವತ್ತೆಂಟು ದಿನಗಳ ಲ್ಯಾಬ್ರಡಾರ್ ಕುನ್ನಿಯೊಂದನ್ನು ತಂದಿದ್ದೆವು. ಎಳೆಯದಿದ್ದಷ್ಟೂ ಮನೆಯ ವಾಸನೆಗೆ ಬೇಗ ಒಗ್ಗುತ್ತದೆ ಎಂದು ಆತ ಹೇಳಿದ್ದನ್ನು ನಾವು ನಂಬಿದ್ದೆವು. ಏಳನೆಯ ದಿನ ವಾಂತಿ, ಎಂಟನೆಯ ದಿನ ರಕ್ತಭೇದಿ, ಹನ್ನೊಂದನೆಯ ದಿನ ಅದನ್ನು ಹಿತ್ತಲಿನ ಪೇರಲ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಪಾರ್ವೋ ಎಂಬ ಹೆಸರನ್ನು ಮೊದಲ ಸಲ ಕೇಳಿದ್ದು ಆಗಲೇ. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಬೂನಿಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣದಂಥ ಕೆಲವಕ್ಕೆ ಮಾತ್ರ ಸಾಯುತ್ತದೆ ಎಂಬುದನ್ನೆಲ್ಲ ಆಮೇಲೆ ತಿಳಿದುಕೊಂಡೆವು. ಆ ಮೇಲೆ ಬಹಳ ವರ್ಷ ನಾಯಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಹೀಗಾಗಿ ಈ ಸಲ ಎಂಟು ವಾರ ತುಂಬದ ಮರಿಯನ್ನು ನೋಡುವುದೇ ಬೇಡ ಎಂಬುದರಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಕೇಂದ್ರ ಸರ್ಕಾರದ 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟದ ನಿಯಮಗಳೂ ಎಂಟು ವಾರಕ್ಕಿಂತ ಎಳೆಯ ಮರಿಯನ್ನು ಮಾರುವಂತಿಲ್ಲ ಎಂದೇ ಹೇಳುತ್ತವೆ. ಇದು ಬರಿಯ ರೋಗದ ಮಾತಲ್ಲ. ಇಟಲಿಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮೂವತ್ತರಿಂದ ನಲವತ್ತನೆಯ ದಿನಕ್ಕೇ ತಾಯಿಯಿಂದ ಅಗಲಿಸಿದ 70 ನಾಯಿಗಳನ್ನು, ಎರಡು ತಿಂಗಳಿಗೆ ಅಗಲಿಸಿದ ಇನ್ನೂ 70 ನಾಯಿಗಳೊಂದಿಗೆ ಹೋಲಿಸಿದ್ದರು. ಅತಿಯಾದ ಬೊಗಳುವಿಕೆ, ಶಬ್ದಕ್ಕೆ ಬೆಚ್ಚುವುದು, ಓಡಾಟಕ್ಕೆ ಕರೆದೊಯ್ದಾಗ ಹೆದರುವುದು, ತಿನ್ನುವ ಪದಾರ್ಥಕ್ಕಾಗಿ ಗುರ್ರೆನ್ನುವುದು, ಇವೆಲ್ಲ ಬೇಗ ಅಗಲಿಸಿದ ಗುಂಪಿನಲ್ಲೇ ಹೆಚ್ಚಾಗಿ ಕಂಡಿದ್ದವು. ಕಚ್ಚಿದರೆ ಎಷ್ಟು ನೋಯುತ್ತದೆ ಎಂಬುದನ್ನು ಕುನ್ನಿಯು ತನ್ನ ಒಡಹುಟ್ಟಿದವುಗಳ ಕಿರುಚಾಟದಿಂದ ಕಲಿಯುವುದು ಐದರಿಂದ ಎಂಟನೆಯ ವಾರದ ನಡುವೆ. ಆ ಪಾಠವನ್ನು ನಾವು ಎಷ್ಟೇ ಪುಸ್ತಕ ಓದಿ ಬಂದರೂ ಅಷ್ಟು ಚೆನ್ನಾಗಿ ಕಲಿಸಲಾರೆವು.

ನಾವು ನೋಡಲು ಹೋದದ್ದು ಲೋಕಾಪುರದಿಂದ ಮುಂದೆ, ಕಬ್ಬಿನ ಹೊಲಗಳ ನಡುವಿನ ಒಂದು ತೋಟದ ಮನೆಗೆ. ಕಬ್ಬು ಕಡಿಯುವ ಹಂಗಾಮು ಶುರುವಾಗಿತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ದೊಡ್ಡ ಧ್ವನಿಯಲ್ಲಿ ಹಾಡು ಹಚ್ಚಿಕೊಂಡು ಆ ಮನೆಯ ಮುಂದೆಯೇ ಹಾಯ್ದುಹೋಗುತ್ತಿದ್ದವು. ತಾಯಿ ನಾಯಿಯು ದನದ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕುನ್ನಿಗಳೊಂದಿಗೆ ಮಲಗಿತ್ತು. ಅವುಗಳಿಗೆ ಅಂದಿಗೆ ಒಂಬತ್ತು ವಾರ. ಎರಡು ಹೆಣ್ಣು, ಒಂದು ಗಂಡು; ಮೊದಲ ಲಸಿಕೆಯ ಚೀಟಿ ಇತ್ತು, ಹೊಟ್ಟೆಹುಳುವಿನ ಔಷಧ ಹಾಕಿದ ದಿನಾಂಕಗಳೂ ಅದರಲ್ಲಿದ್ದವು. ಅವ್ವ ಇದ್ದಿದ್ದರೆ ಅಲ್ಲಿಯೇ ಮಾತು ಮುಗಿದುಹೋಗುತ್ತಿತ್ತು, ಏಕೆಂದರೆ ಆ ಬಾದಾಮಿ ಬಣ್ಣದ ಹೆಣ್ಣು ಕುನ್ನಿ ನೇರವಾಗಿ ಬಂದು ನನ್ನ ಹೆಂಡತಿಯ ಸೀರೆಯ ಸೆರಗನ್ನು ಹಿಡಿದೆಳೆಯತೊಡಗಿತು.

ಅಷ್ಟರಲ್ಲಿ ಮೇವಿನ ಬಣವೆಯ ಹಿಂದಿನಿಂದ ಕಾಲುಗಳೇ ಹೆಚ್ಚಾಗಿದ್ದ, ಕಿವಿ ಜೋತುಬಿದ್ದ, ಬೂದು ಬಣ್ಣದ ಇನ್ನೊಂದು ಬಂದು ಸ್ವಲ್ಪ ದೂರದಲ್ಲಿ ನಿಂತು ನಮ್ಮನ್ನು ನೋಡಿತು. ಅದಕ್ಕೆ ಐದೂವರೆ ತಿಂಗಳು. ಇನ್ನೊಂದು ತಾಯಿಯ ಹಿಂದಿನ ಸೂಲಿನ ಮರಿ. ಮುಂದೆ ತಳಿಗೆ ಬೇಕಾದೀತೆಂದು ಮನೆಯವರು ಅದನ್ನು ಮಾರದೆ ಉಳಿಸಿಕೊಂಡಿದ್ದರು.

“ಮತ್ತ ಇದನ್ನ ಯಾಕ ಕೊಡ್ತೀರಿ?” ಎಂದು ಕೇಳಿದೆ.

“ಸುಳ್ಳ ಯಾಕ ಹೇಳೂದ್ರಿ ಸರ, ಒಂದ ಬೀಜ ಇಳದೈತಿ, ಇನ್ನೊಂದು ಹೊಟ್ಟ್ಯಾಗ ಉಳದೈತಿ. ತಳಿಗೆ ಬರಂಗಿಲ್ಲ. ನೀವು ಮನ್ಯಾಗ ಸಾಕಾವ್ರು ಅಂದ್ರ ಅಡ್ಡಿಯಿಲ್ಲ,” ಎಂದರು.

ಈ ಒಂದು ಮಾತಿಗೆ ನಾನು ಅವರ ಮೇಲೆ ಇಟ್ಟ ನಂಬಿಕೆ, ಲಸಿಕೆಯ ಚೀಟಿಯನ್ನು ನೋಡಿ ಇಟ್ಟ ನಂಬಿಕೆಗಿಂತ ದೊಡ್ಡದು. ಬ್ರೀಡರ್ ಬಳಿ ದೊಡ್ಡ ಮರಿಯೊಂದು ಉಳಿದಿದೆ ಎಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಮತ್ತು ಆ ಕಾರಣವೇ ನಾವು ಕೇಳಬೇಕಾದ ಮೊದಲ ಪ್ರಶ್ನೆ. ಪ್ರದರ್ಶನಕ್ಕೆಂದು ಉಳಿಸಿ ಹಲ್ಲಿನ ಜೋಡಣೆ ತಪ್ಪಿದ್ದರಿಂದ ಬಿಟ್ಟದ್ದಿರಬಹುದು, ಕೊಂಡವರು ಸಾಕಲಾರದೆ ಮರಳಿ ತಂದದ್ದಿರಬಹುದು, ಸುಮ್ಮನೆ ಗಿರಾಕಿ ಬಾರದೆ ಉಳಿದದ್ದೂ ಇರಬಹುದು. ಇವುಗಳಲ್ಲಿ ಮರಳಿ ಬಂದದ್ದರ ಬಗ್ಗೆ ಮಾತ್ರ ಏಕೆ ಮರಳಿತು ಎಂಬುದನ್ನು ಕೊಂಡವರ ಬಾಯಿಂದಲೇ ಕೇಳದೆ ಮುಂದುವರಿಯಬಾರದೆಂದು ನನ್ನ ಅಭಿಪ್ರಾಯ. ಆ ಬೂದು ಮರಿಯದು, ಎಂದರೆ ಈಗಿನ ನಮ್ಮ ಬೂದಿಯನದು, ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ದೋಷ. ವೃಷಣಗಳು ಸಾಮಾನ್ಯವಾಗಿ ಎರಡು ತಿಂಗಳೊಳಗೆ ಇಳಿದುಬರುತ್ತವೆ, ಆರು ತಿಂಗಳಾದರೂ ಇಳಿಯದಿದ್ದರೆ ಇನ್ನು ಇಳಿಯುವುದಿಲ್ಲವೆಂದೇ ತಿಳಿಯಬೇಕು. ದೋಷ ವಂಶದಲ್ಲಿ ಹರಿಯುವುದರಿಂದ ಅಂಥ ನಾಯಿಯನ್ನು ತಳಿಗೆ ಬಳಸಬಾರದು. ಹೊಟ್ಟೆಯೊಳಗೆ ಉಳಿದದ್ದು ಮುಂದೆ ಗಡ್ಡೆಯಾಗುವ ಅಪಾಯ ಹೆಚ್ಚಿರುವುದರಿಂದ ಶಸ್ತ್ರಚಿಕಿತ್ಸೆ ಮಾಡಿ ಎರಡನ್ನೂ ತೆಗೆಸಬೇಕು. ಮೈಯಲ್ಲಿ ಕೊಬ್ಬೇ ಇಲ್ಲದ ಈ ಬಗೆಯ ಬೇಟೆ ನಾಯಿಗಳಿಗೆ ಅರಿವಳಿಕೆಯನ್ನು ಎಚ್ಚರಿಕೆಯಿಂದ ಆರಿಸಬೇಕಾಗುತ್ತದೆಂಬುದು ಅದರ ಮೇಲಿನ ಇನ್ನೊಂದು ಚಿಂತೆ. ಬೆಲೆಯಲ್ಲಿ ಅವರು ಬಿಟ್ಟ ಹಣ ಶಸ್ತ್ರಚಿಕಿತ್ಸೆಗೆ ಸರಿಹೋಗುತ್ತದೆ, ಲಾಭವೇನೂ ಇಲ್ಲ.

ಮನೆಗೆ ಮರಳಿದ ಮೇಲೆ ಚರ್ಚೆ ಆರಂಭವಾಯಿತು. ಕುನ್ನಿಯ ಪಕ್ಷದಲ್ಲಿ ಅವ್ವ, ದೊಡ್ಡದರ ಪಕ್ಷದಲ್ಲಿ ನನ್ನ ಹೆಂಡತಿ. ನಾನು ದಿನಕ್ಕೊಂದು ಪಕ್ಷ.

ಎಳೆಯ ಮರಿಯ ಪರವಾದ ವಾದಗಳಲ್ಲಿ ಅತ್ಯಂತ ಗಟ್ಟಿಯಾದದ್ದು 1961ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದ್ದು. ಅಲ್ಲಿ ಕುನ್ನಿಗಳನ್ನು ಎತ್ತರದ ಬೇಲಿಯೊಳಗಿನ ಬಯಲಿನಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಬೇರೆಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಮನುಷ್ಯರ ಒಡನಾಟಕ್ಕೆ ತಂದರು. ಐದು, ಏಳು, ಒಂಬತ್ತನೆಯ ವಾರಗಳಲ್ಲಿ ಒಡನಾಟ ಸಿಕ್ಕವು ಹೊಂದಿಕೊಂಡವು. ಹದಿನಾಲ್ಕು ವಾರದವರೆಗೂ ಮನುಷ್ಯರನ್ನು ಮುಟ್ಟದೆ ಬೆಳೆದವು ಕಾಡು ಪ್ರಾಣಿಗಳಂತೆ ಬೆದರಿ ಓಡಿದವು. ಹೊಸ ಮನುಷ್ಯರು, ಹೊಸ ಶಬ್ದ, ಹೊಸ ನೆಲ ಇವುಗಳನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವ ಬಾಗಿಲು ಮೂರನೆಯ ವಾರದ ಸುಮಾರಿಗೆ ತೆರೆದು ಹನ್ನೆರಡು ಹದಿನಾಲ್ಕನೆಯ ವಾರಕ್ಕೆ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆಂಬುದು ಅಂದಿನಿಂದ ಗಟ್ಟಿಯಾದ ತಿಳಿವಳಿಕೆ. ಒಂಬತ್ತು ವಾರದ ಕುನ್ನಿಯನ್ನು ತಂದರೆ ಆ ಬಾಗಿಲಿನ ಕೊನೆಯ ಒಂದು ತಿಂಗಳು ನಮ್ಮ ಕೈಯಲ್ಲಿರುತ್ತದೆ. ಅಪರಿಚಿತರು ಮುಟ್ಟಿದರೆ ಸಹಿಸದ, ಸ್ವಭಾವತಃ ಬಿಗುಮಾನದ ಮುಧೋಳ ನಾಯಿಯ ವಿಷಯದಲ್ಲಿ ಆ ಒಂದು ತಿಂಗಳಿಗೆ ಬಹಳ ಬೆಲೆಯಿದೆ.

ತೊಡಕು ಇರುವುದೂ ಅಲ್ಲಿಯೇ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿಯು ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಅದು ಎಂದು ಕರಗುತ್ತದೆ ಎಂಬುದು ಒಂದೊಂದು ಮರಿಯಲ್ಲಿ ಒಂದೊಂದು ಬಗೆ. ಆದ್ದರಿಂದಲೇ ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರನೆಯ ವಾರದವರೆಗೆ ಲಸಿಕೆಯನ್ನು ಮತ್ತೆಮತ್ತೆ ಹಾಕುತ್ತಾರೆ. ಎಂದರೆ ಲೋಕವನ್ನು ತೋರಿಸಬೇಕಾದ ವಾರಗಳೂ ಬೀದಿಯಿಂದ ದೂರವಿಡಬೇಕಾದ ವಾರಗಳೂ ಒಂದೇ ಆಗಿರುತ್ತವೆ. ಅಮೆರಿಕದ ಪಶುವರ್ತನಾ ವೈದ್ಯರ ಸಂಘವು 2008ರಲ್ಲಿ, ಮೊದಲ ಲಸಿಕೆಯಾಗಿ ವಾರ ಕಳೆದ ಮೇಲೆ ಸ್ವಚ್ಛವಾದ ಜಾಗಗಳಿಗೆ ಮರಿಗಳನ್ನು ಕರೆದೊಯ್ಯಲು ಆರಂಭಿಸಬೇಕೆಂದು ಹೇಳಿದೆ. ಒಪ್ಪತಕ್ಕ ಮಾತೇ. ಆದರೆ ನಮ್ಮ ಓಣಿಯಲ್ಲಿ ಹದಿನಾಲ್ಕು ಬೀದಿನಾಯಿಗಳಿವೆ, ಅವುಗಳಲ್ಲಿ ಎಷ್ಟಕ್ಕೆ ಲಸಿಕೆಯಾಗಿದೆಯೋ ದೇವರೇ ಬಲ್ಲ, ಮತ್ತು ಪೇರಲ ಗಿಡ ಇನ್ನೂ ಹಿತ್ತಲಿನಲ್ಲಿದೆ. ಕುನ್ನಿಯನ್ನು ಏಳು ವಾರ ಕಂಕುಳಲ್ಲಿ ಎತ್ತಿಕೊಂಡು ಸಂತೆ, ಬಸ್ ನಿಲ್ದಾಣ, ಶಾಲೆಯ ಗೇಟು ಎಂದು ತಿರುಗುವ ಮನೆಯವರಿಗೆ ಎಳೆಯದೇ ಸರಿ. ನಾವಿಬ್ಬರೂ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ದಾಟಿದರೆ ಸಂಜೆ ಆರಕ್ಕೆ ಮರಳುವವರು.

ಹಗಲಿನಲ್ಲಿ ಮನೆಯಲ್ಲಿರುವವಳು ಅವ್ವ. ಅವಳಿಗೆ ಎಪ್ಪತ್ತಾರು, ಹೃದಯಕ್ಕೆ ಸ್ಟೆಂಟ್ ಹಾಕಿದಂದಿನಿಂದ ರಕ್ತ ತೆಳುವಾಗಿಸುವ ಮಾತ್ರೆಗಳ ಮೇಲಿದ್ದಾಳೆ. ಕುನ್ನಿಯ ಇಪ್ಪತ್ತೆಂಟು ಹಾಲುಹಲ್ಲುಗಳು ಸೂಜಿಯಂತಿರುತ್ತವೆ, ಅವು ಬಿದ್ದು ನಲವತ್ತೆರಡು ಗಟ್ಟಿ ಹಲ್ಲುಗಳು ಬರುವುದು ನಾಲ್ಕರಿಂದ ಏಳನೆಯ ತಿಂಗಳೊಳಗೆ, ಅಲ್ಲಿಯವರೆಗೆ ಸಿಕ್ಕ ಕೈಕಾಲುಗಳೆಲ್ಲ ಅದಕ್ಕೆ ಆಟಿಕೆ. ನಮ್ಮನಿಮ್ಮ ಕೈಯ ಮೇಲೆ ಗೀರಾಗಿ ಮರೆತುಹೋಗುವ ಗಾಯ ಅವ್ವನ ಕೈಯಲ್ಲಿ ಅರ್ಧ ಗಂಟೆ ಸುರಿಯುತ್ತದೆ. ಇದನ್ನು ಮೊದಲು ಹೇಳಿದವಳು ನನ್ನ ಹೆಂಡತಿ. ಅವ್ವ ಒಪ್ಪಲಿಲ್ಲ, ಆದರೆ ಎರಡು ದಿನ ಮಾತನಾಡಲೂ ಇಲ್ಲ. ಎರಡು ತಿಂಗಳ ಮರಿ ಮೂತ್ರ ತಡೆಯುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ಪ್ರತಿ ಸಲವೂ ಬಾಗಿ ಎತ್ತಿಕೊಂಡು ಅಂಗಳಕ್ಕೆ ಓಡುವವರು ಯಾರು, ನೆಲದ ಮೇಲಿನ ನೀರಿನಲ್ಲಿ ಜಾರಿದರೆ ಎತ್ತುವವರು ಯಾರು ಎಂಬ ಪ್ರಶ್ನೆಗಳಿಗೂ ಅವಳ ಬಳಿ ಉತ್ತರವಿರಲಿಲ್ಲ.

ದೊಡ್ಡ ಮರಿಯಿಂದ ಅಪಾಯವೇ ಇಲ್ಲವೆಂದು ಯಾರೂ ತಿಳಿಯಬಾರದು. ಆರು ತಿಂಗಳಿಗೆ ಮುಧೋಳದ ಗಂಡು ಹದಿನೈದು ಹದಿನಾರು ಕಿಲೋ ತೂಗುತ್ತದೆ, ಬೆಕ್ಕು ಕಂಡರೆ ಹಗ್ಗವನ್ನೂ ಹಿಡಿದವರನ್ನೂ ಸೇರಿಸಿಯೇ ಎಳೆದೊಯ್ಯುತ್ತದೆ. ಮೇಲಾಗಿ ಅದು ಹರೆಯಕ್ಕೆ ಕಾಲಿಡುವ ಕಾಲ, ಹಿಂದಿನ ವಾರ ಕರೆದರೆ ಬರುತ್ತಿದ್ದದ್ದು ಈ ವಾರ ಕಿವಿಯೇ ಕೇಳದಂತೆ ನಿಲ್ಲುತ್ತದೆ. ಹಗ್ಗ ಹಿಡಿಯುವುದು ನಾನು ಅಥವಾ ನನ್ನ ಹೆಂಡತಿ ಮಾತ್ರ, ಅವ್ವ ಎಂದಿಗೂ ಅಲ್ಲ ಎಂಬುದನ್ನು ಆಗಲೇ ನಿಯಮವಾಗಿ ಮಾಡಿಕೊಂಡೆವು.

ದೊಡ್ಡದರಲ್ಲಿ ಒಂದು ಅನುಕೂಲವಿದೆ, ಕಾಣುವುದು ಕಂಡೇ ಬಿಡುತ್ತದೆ. ಎಂಟು ವಾರದ ಮರಿಯನ್ನು ಅಂಗಾತ ಮಲಗಿಸಿ, ಚಪ್ಪಾಳೆ ತಟ್ಟಿ, ಅದರ ಮುಂದಿನ ಸ್ವಭಾವವನ್ನು ಹೇಳುವ ಪರೀಕ್ಷೆಗಳನ್ನು ಬಹಳ ಜನ ನಂಬುತ್ತಾರೆ. ವಿಯೆನ್ನಾದ ಸಂಶೋಧಕರು ಬಾರ್ಡರ್ ಕೋಲಿ ಮರಿಗಳನ್ನು ಹುಟ್ಟಿದ ಕೆಲವೇ ದಿನಗಳಲ್ಲಿ, ಆಮೇಲೆ ಆರೇಳು ವಾರಗಳಲ್ಲಿ, ಕೊನೆಗೆ ಒಂದೂವರೆ ಎರಡು ವರ್ಷಕ್ಕೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹೊಸದನ್ನು ಮೂಸಿನೋಡುವ ಕುತೂಹಲವೊಂದನ್ನು ಬಿಟ್ಟರೆ ಎಳೆತನದಲ್ಲಿ ಕಂಡದ್ದಕ್ಕೂ ದೊಡ್ಡದಾದ ಮೇಲೆ ಕಂಡದ್ದಕ್ಕೂ ಸಂಬಂಧವೇ ಇರಲಿಲ್ಲ. ಸೆರಗು ಎಳೆದ ಆ ಹೆಣ್ಣು ಕುನ್ನಿ ನಮ್ಮನ್ನು ಆರಿಸಿಕೊಂಡಿತು ಎಂದು ನಾವು ಕಾರಿನಲ್ಲಿ ಹೇಳಿಕೊಂಡದ್ದು ನಮ್ಮ ಸಂತೋಷಕ್ಕೆ, ಅಷ್ಟೆ. ಐದೂವರೆ ತಿಂಗಳ ಮರಿಯಲ್ಲಿ ಕಾಲಿನ ನೇರ, ಹಲ್ಲಿನ ಜೋಡಣೆ, ಅಪರಿಚಿತರ ಮುಂದೆ ಬಾಲ ಎಲ್ಲಿರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಆದರೆ ಆ ಐದೂವರೆ ತಿಂಗಳನ್ನು ಮರಿ ಎಲ್ಲಿ ಕಳೆಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಲೋಕಾಪುರಕ್ಕೆ ಹೋಗುವ ಹದಿನೈದು ದಿನ ಮೊದಲು ಇನ್ನೊಬ್ಬ ಬ್ರೀಡರ್ ಬಳಿ ಏಳು ತಿಂಗಳ ಮುಧೋಳ ಹೆಣ್ಣೊಂದನ್ನು ನೋಡಿದ್ದೆವು. ಊರೂ ಬೇಡ, ಹೆಸರೂ ಬೇಡ. ಲಸಿಕೆ ಪೂರ್ತಿಯಾಗಿತ್ತು, ಮೈ ಹೊಳೆಯುತ್ತಿತ್ತು, ಆಕಾರದಲ್ಲಿ ಒಂದು ಕೊರತೆಯಿರಲಿಲ್ಲ. ಅದು ಹುಟ್ಟಿದಂದಿನಿಂದ ಸಾಲು ಪಂಜರಗಳ ಒಂದು ಷೆಡ್ಡಿನಲ್ಲಿತ್ತು. ಬಾಗಿಲು ತೆರೆದಾಗ ಹೊರಗೆ ಬಾರದೆ ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತಿತು. ಆಳು ಹೊರಗೆ ಎಳೆದಾಗ ಮೂತ್ರ ಮಾಡಿಕೊಂಡಿತು. ಕನಿಕರದಿಂದ ಅದನ್ನು ತರಬೇಕೆಂದು ನನಗನ್ನಿಸಿದ್ದು ನಿಜ, ತರದೆ ಬಂದದ್ದು ಈಗಲೂ ಆಗಾಗ ಚುಚ್ಚುವುದೂ ನಿಜ. ಆದರೆ ಅಂಥ ನಾಯಿಯನ್ನು ಮನುಷ್ಯರಿಗೆ ಹೊಂದಿಸಲು ಬೇಕಾದ ಹಗಲುಗಳು ನಮ್ಮ ಮನೆಯಲ್ಲಿ ಇಲ್ಲ.

ಲೋಕಾಪುರದ ಬೂದಿಯನ ಕಥೆ ಬೇರೆಯಾಗಿತ್ತು. ಡಿಸೆಂಬರ್ ಮೊದಲ ವಾರ ಮತ್ತೆ ಹೋದಾಗ, ಈ ಸಲ ಅವ್ವನನ್ನೂ ಕರೆದುಕೊಂಡು ಹೋಗಿ, ಮುಂಚಿತವಾಗಿ ತಿಳಿಸದೆ ಎರಡು ಗಂಟೆ ಅಲ್ಲಿಯೇ ಕುಳಿತು ನೋಡಿದೆವು. ಶಾಲೆಯಿಂದ ಬಂದ ಇಬ್ಬರು ಮಕ್ಕಳು ಅದರ ಕಿವಿ ಹಿಡಿದು ಆಡಿದರು, ಹಾಲಿನವನು ಬೈಕಿನಲ್ಲಿ ಬಂದುಹೋದ, ಟ್ರ್ಯಾಕ್ಟರ್ ಹಾಡುತ್ತ ಹಾಯ್ದುಹೋಯಿತು. ಅದು ತಲೆಯೆತ್ತಿ ನೋಡಿ ಮತ್ತೆ ಬಿಸಿಲಿಗೆ ಮಲಗಿತು. ಅವ್ವ ಕೋಲೂರಿಕೊಂಡು ಕೊಟ್ಟಿಗೆಯವರೆಗೆ ನಡೆದಾಗ ಹಿಂದೆಯೇ ಹೋಗಿ ಕೋಲನ್ನು ಮೂಸಿತು, ಹಾರಲಿಲ್ಲ. “ಇದಕ್ಕ ಹಿರೇರು ಅಂದ್ರ ಗೊತ್ತೈತಿ,” ಎಂದಳು ಅವ್ವ. ಆ ಮನೆಯಲ್ಲಿಯೂ ಕೋಲೂರುವ ಒಬ್ಬ ಅಜ್ಜಿ ಇದ್ದರೆಂಬುದನ್ನು ನಾನು ಆಮೇಲೆ ಗಮನಿಸಿದೆ.

ಬೂದಿಯ ಬಂದು ಈಗ ಏಳು ವಾರವಾಯಿತು. ದಾರಿಯಲ್ಲಿ ಸವದತ್ತಿ ತಲುಪುವುದರೊಳಗೆ ಎರಡು ಸಲ ವಾಂತಿ ಮಾಡಿದ; ಮೊದಲ ಮೂರು ದಿನ ಅನ್ನ ಮುಟ್ಟಲಿಲ್ಲ, ಅಲ್ಲಿಂದ ಕೇಳಿ ತಂದಿದ್ದ ಜೋಳದ ನುಚ್ಚನ್ನು ಹಾಲಿನಲ್ಲಿ ಬೇಯಿಸಿ ಕೊಟ್ಟ ಮೇಲೆ ತಿಂದ. ನಾನು ಎಲ್ಲಿಯೂ ಮುಂಚಿತವಾಗಿ ಯೋಚಿಸದ ಸಂಗತಿಯೊಂದು ಮೊದಲ ರಾತ್ರಿ ಎದುರಾಯಿತು. ಬಾಗಿಲ ಬಳಿ ನಡುಗುತ್ತ ನಿಂತಿದ್ದ, ಏನೆಂದು ತಿಳಿಯದೆ ನಾವು ಬೆಚ್ಚಗೆ ಹೊದಿಸಿದೆವು, ಅವನು ಕೊಡವಿಕೊಂಡು ಮತ್ತೆ ಬಾಗಿಲಿಗೇ ಹೋದ. ಕೊನೆಗೆ ತೆರೆದಾಗ ಓಡಿ ಹಿತ್ತಲಿನ ಮಣ್ಣಿನ ಮೇಲೆ ಬಹಳ ಹೊತ್ತು ಕಾಲೆತ್ತದೆ ಕುಳಿತೇ ಮೂತ್ರ ಮಾಡಿದ. ಎಂಟು ಒಂಬತ್ತು ವಾರದಿಂದ ಯಾವ ನೆಲದ ಮೇಲೆ ಮಾಡಿ ರೂಢಿಯೋ ಮರಿಗಳು ಅದನ್ನೇ ಹುಡುಕುತ್ತವೆ. ಮಣ್ಣಿನಲ್ಲಿ ಬೆಳೆದ ಅವನಿಗೆ ಟೈಲ್ಸ್ ಮೇಲೆ ಮಾಡಲು ಬರುವುದೇ ಇಲ್ಲ. ಸಿಮೆಂಟಿನ ಷೆಡ್ಡಿನಲ್ಲಿ ಬೆಳೆದ ಮರಿಗೆ ಅಡುಗೆಮನೆಯ ನೆಲವೂ ಷೆಡ್ಡಿನ ನೆಲವೂ ಒಂದೇ ಆಗಿ ತೋರುತ್ತಿತ್ತು. ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ ಇರುವವರಿಗೆ ನನ್ನ ಈ ಅದೃಷ್ಟವೇ ಕಷ್ಟವಾಗಿಯೂ ಪರಿಣಮಿಸಬಹುದು.

ಮಿಕ್ಸರ್‌ಗೆ ಮೊದಲ ವಾರ ಹೆದರಿದ, ಈಗ ಕೊಬ್ಬರಿ ಸಿಗುವ ಶಬ್ದವೆಂದು ತಿಳಿದಿದ್ದಾನೆ. ಪ್ರೆಶರ್ ಕುಕ್ಕರಿನ ಸೀಟಿಗೆ ಇನ್ನೂ ಎದ್ದು ಬೇರೆ ಕೋಣೆಗೆ ಹೋಗುತ್ತಾನೆ. ಓಣಿಯ ನಾಯಿಗಳೊಂದಿಗೆ ಸಂಧಾನವಾಗಿದೆ, ಎದುರು ಮನೆಯ ಬೆಕ್ಕಿನೊಂದಿಗೆ ಆಗುವ ಲಕ್ಷಣವಿಲ್ಲ. ಕೆಂಪು ಜಾಕೆಟ್ಟಿನ ಫುಡ್ ಡೆಲಿವರಿ ಹುಡುಗರು ಅವನ ದೃಷ್ಟಿಯಲ್ಲಿ ಇಂದಿಗೂ ಶಂಕಿತರೇ. ತೋಟದ ಮನೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಬಾಗಿಲಿಗೆ ಬರುವವರು ಯಾರೂ ಇರಲಿಲ್ಲವಲ್ಲ. ಒಂಬತ್ತು ವಾರಕ್ಕೆ ತಂದಿದ್ದರೆ ಇದನ್ನು ನಾಲ್ಕು ದಿನಗಳಲ್ಲಿ ಕಲಿಸಬಹುದಾಗಿತ್ತು, ಈಗ ನಾಲ್ಕು ತಿಂಗಳು ಬೇಕಾದೀತೆಂದು ಅಂದುಕೊಂಡಿದ್ದೇನೆ. ಶಸ್ತ್ರಚಿಕಿತ್ಸೆಯ ದಿನ ಮುಂದಿನ ತಿಂಗಳಿಗೆ ನಿಗದಿಯಾಗಿದೆ.

ಇನ್ನುಳಿದದ್ದು ಮೆಟ್ಟಿಲು. ಮೆಟ್ಟಿಲೆಂಬುದನ್ನೇ ಕಾಣದೆ ಬೆಳೆದವನು ನಮ್ಮ ಹದಿನಾರು ಮೆಟ್ಟಿಲುಗಳ ಮುಂದೆ ಹನ್ನೊಂದು ದಿನ ಅಳುತ್ತ ನಿಂತ. ಒಂದೊಂದರ ಮೇಲೂ ಬೇಯಿಸಿದ ಮೊಟ್ಟೆಯ ಚೂರನ್ನಿಟ್ಟು ಹತ್ತುವುದನ್ನು ಕಲಿಸಿದ್ದೇವೆ. ಇಳಿಯುವುದನ್ನು ಕಲಿಯಲು ಅವನು ಇನ್ನೂ ಮನಸ್ಸು ಮಾಡಿಲ್ಲ. ದಿನಕ್ಕೆ ಮೂರು ಸಲ ತಾನೇ ಮೇಲೆ ಹತ್ತಿ, ಕಟ್ಟೆಯ ಅಂಚಿಗೆ ಬಂದು ನನ್ನನ್ನು ಕರೆಯುತ್ತಾನೆ, ಹದಿನೇಳು ಕಿಲೋದ ಈ ಕುನ್ನಿಯನ್ನು ಎತ್ತಿಕೊಂಡು ಕೆಳಗೆ ಇಳಿಸುವಾಗಲೆಲ್ಲ ಅವ್ವ ಜಗುಲಿಯಿಂದ, “ಬುಟ್ಟಿ ತರ್ಲೇನೋ?” ಎಂದು ಕೇಳುತ್ತಾಳೆ.